ಮೂರೂ ಕಳಾವರ್ ಬಿದ್ದರೆ

ಮಧ್ಯದಲ್ಲಿ ಮೂರಕ್ಕೆ ಮೂರೂ ಕಳಾವರ್ ಬಿದ್ದಾಗ ಜೋರಾಗಿ ಕಟ್ಟಬಾರದು ಅನ್ನೋದು ನನ್ನ ವಾದ. ಜೋರಾಗಿ ಕಟ್ಟದೆ ಇನ್ನೇನು ಆರತಿ ಎತ್ತಬೇಕಾ ಅನ್ನೋದು ಪಕ್ಕದ ಮನೆ ಟೀಚರಮ್ಮನವರ ವಾದ. ಕಾಂಪೌಂಡಿನ ಈಚೆ ನಾನು ಬಟ್ಟೆ ಒಣಗಿಹಾಕುವಾಗ, ಆಚೆ ಅವರು ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆ ಸುರಿಯುವಾಗ ಈ ವ್ಯಾಜ್ಯ ವಿಚಾರಣೆಗೆ ಬರುತ್ತದೆ. ವಾಕಿಂಗ್ ಹೋಗುವವರ ಕಿವಿಗೆ ಬೀಳುವುದು ಅರ್ಧಂಬರ್ಧ. "ಎಕ್ಕ ಕೈಲಿದ್ರೆ ಮಾತ್ರ ಕಣ್ರೀ," "ರಾಣಿ ಜೋಡಿ ಇದ್ರೂ ಬಿಸಾಕಿ," "ಅಷ್ಟಕ್ಕೆಲ್ಲ ಹೆದರೋಳಲ್ಲ ನಾನು." ಎರಡು ಮರ್ಯಾದಸ್ಥ ಮನೆಗಳ ಹೆಂಗಸರು ಹೀಗೆ ಮಾತಾಡಿದರೆ ಬಡಾವಣೆಯಲ್ಲಿ ಏನು ಸುದ್ದಿ ಹಬ್ಬಬೇಕೋ ಅದು ಹಬ್ಬಿದೆ.

ಇದಕ್ಕೆಲ್ಲ ಕಾರಣ ನನ್ನ ಮಗ. ಹಬ್ಬಕ್ಕೆ ಬೆಂಗಳೂರಿನಿಂದ ಬಂದವನು ಇಸ್ಪೀಟಿನ ಕಟ್ಟು ತಂದು, ಪೋಕರ್ ಕಲಿಸಿಕೊಟ್ಟು ಹೋದ. "ಅಮ್ಮ, ಇದು ಜೂಜಲ್ಲ, ಲೆಕ್ಕ" ಅಂದ. ಲೆಕ್ಕ ಎಂಬ ಮಾತು ಕಾಂಪೌಂಡ್ ದಾಟಿ ಟೀಚರಮ್ಮನವರ ಕಿವಿಗೆ ಬಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು; ಅವರ ಮುಂದೆ ಲೆಕ್ಕ ಅಂದಮೇಲೆ ಮುಗಿಯಿತು. ಭಾನುವಾರ ಮಧ್ಯಾಹ್ನ ನಮ್ಮನೆ ಜಗಲಿಯಲ್ಲಿ ಆಟ, ವಾರವಿಡೀ ಕಾಂಪೌಂಡಿನ ಬಳಿ ಪರಾಮರ್ಶೆ.

ನಮ್ಮನೆಯವರಿಗೆ ಪೊಲೀಸರ ಭಯ. ಪೇಪರ್ ಓದುವ ಗಂಡಸರಿಗೆ ಇದೊಂದು ಕಷ್ಟ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಮ್ಮ ರಾಜ್ಯ 2021ರಲ್ಲಿ ಕಾನೂನು ತಂದು ತಡೆಹಾಕಿತು. ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅದನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ದೇಶಕ್ಕೆಲ್ಲ ಅನ್ವಯಿಸುವ ಹಾಗೆ ನಿಷೇಧ ತಂದಿತು. ಇದನ್ನೆಲ್ಲ ತಾರೀಖಿನ ಸಮೇತ ಒಪ್ಪಿಸಿ, "ನಾಳೆ ಯಾರಾದರೂ ಬಾಗಿಲು ತಟ್ಟಿದರೆ?" ಅಂದರು. ಟೀಚರಮ್ಮ ಹುಣಸೆಬೀಜದ ಡಬ್ಬಿ ಅಲ್ಲಾಡಿಸಿ ತೋರಿಸಿದರು. "ಸಾರ್, ಇಲ್ಲಿ ದುಡ್ಡೂ ಇಲ್ಲ, ಆನ್‌ಲೈನೂ ಇಲ್ಲ. ಹುಣಸೆಬೀಜ ಜಪ್ತಿ ಮಾಡೋಕೆ ಯಾರು ಬರ್ತಾರೆ?"

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಬೇರೆಯವರಿಗೆ ಕಾಣದ ಹಾಗೆ. ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್, ಆಮೇಲೆ ಒಂದು, ಟರ್ನ್, ಕೊನೆಗೆ ಒಂದು, ರಿವರ್. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಯಾರ ಕೈ ಮೇಲೋ ಅವರದು ಪಾಟ್, ಅಂದರೆ ಕಟ್ಟಿದ ಬೀಜವೆಲ್ಲ. ಎಲೆ ಹಂಚಿದ ಮೇಲೊಮ್ಮೆ, ಆಮೇಲೆ ಒಂದೊಂದು ಹಂತಕ್ಕೂ ಒಮ್ಮೆ ಕಟ್ಟುವ ಸರದಿ. ಕಟ್ಟಬಹುದು, ಚೆಕ್ ಅಂದು ಸುಮ್ಮನಿರಬಹುದು, ಎದುರಿನವರು ಕಟ್ಟಿದ್ದಕ್ಕೆ ಸಮ ಹಾಕಬಹುದು, ಏರಿಸಬಹುದು, ಪ್ಯಾಕ್ ಮಾಡಿ ಎದ್ದು ಕಾಫಿಗೆ ಹೋಗಬಹುದು. ಮೂರೆಲೆ ಆಟದಲ್ಲಿ ಮೂರೂ ಒಂದೇ ಜಾತಿ ಬಂದರೆ ಕಲರ್ ಅನ್ನುವುದಿಲ್ಲವೇ, ಇಲ್ಲೂ ಕಲರ್ ಉಂಟು. ಆದರೆ ಐದು ಎಲೆ ಬೇಕು. ಈ ಟೆಕ್ಸಾಸ್ ಹೋಲ್ಡೆಮ್ ಅಮೆರಿಕದ ಟೆಕ್ಸಾಸಿನದು. ತಮ್ಮ ರಾಬ್ಸ್‌ಟೌನ್ ಊರೇ ಇದರ ತವರು ಅಂತ ಅಲ್ಲಿನ ಶಾಸನಸಭೆ ಗೊತ್ತುವಳಿಯನ್ನೇ ಮಾಡಿದೆ. ಲಾಸ್ ವೇಗಸ್ಸಿಗೆ 1960ರ ದಶಕದಲ್ಲಿ ಬಂತು, 1970ರಿಂದ ಅಲ್ಲಿ ವಿಶ್ವ ಸರಣಿ ನಡೆಯುತ್ತಿದೆ.

ಮೊದಲ ಸಲ ಮೂರೂ ಕಳಾವರ್ ಬಿದ್ದಾಗ ನಮ್ಮಿಬ್ಬರ ಮುಖವೂ ಬಿಳಿಚಿಕೊಂಡಿತು. ಎದುರಿನವರ ಕೈಯಲ್ಲಿ ಎರಡು ಕಳಾವರ್ ಇದ್ದರೆ ಆಗಲೇ ಕಲರ್ ಆಗಿಹೋಯಿತಲ್ಲ! ಟೀಚರಮ್ಮ ಆಟ ಅಲ್ಲೇ ನಿಲ್ಲಿಸಿ, ಹಾಲಿನ ಚೀಟಿಯ ಹಿಂದೆ ಲೆಕ್ಕಕ್ಕೆ ಕೂತರು.

"ಐವತ್ತೆರಡರಲ್ಲಿ ಮೂರು ಎಲೆ ಬೀಳೋ ರೀತಿ 22,100. ಮೂರೂ ಒಂದೇ ಜಾತಿ ಆಗೋದು ಜಾತಿಗೆ 286ರ ಹಾಗೆ ನಾಲ್ಕು ಜಾತಿಗೆ 1,144. ಅಂದ್ರೆ ನೂರಕ್ಕೆ ಐದು ಚಿಲ್ಲರೆ. ಇಪ್ಪತ್ತು ಆಟಕ್ಕೆ ಒಂದು ಸಲ ಬಿತ್ತು ಅನ್ನಿ."

"ಅದು ಸರಿ, ಬಿದ್ದಾಗ ನಿಮ್ಮ ಕೈಯಲ್ಲಿ ಎರಡು ಕಳಾವರ್ ಇರೋದೆಷ್ಟು ಸಲ?"

ಪೆನ್ಸಿಲ್ ಮತ್ತೆ ಓಡಿತು. ಮಧ್ಯದ ಮೂರು ಬಿಟ್ಟರೆ ಉಳಿದ ಎಲೆ 49. ಅದರಲ್ಲಿ ಎರಡೆಲೆಯ ಕೈಗಳು 1,176. ಎರಡೂ ಕಳಾವರ್ ಇರುವ ಕೈ 45. ಒಂದೇ ಒಂದು ಕಳಾವರ್ ಇರುವ ಕೈ 390. ಒಂದೂ ಇಲ್ಲದ್ದು 741. ಚೀಟಿ ನನ್ನ ಮುಂದೆ ಹಿಡಿದು ಟೀಚರಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ನೂರಕ್ಕೆ ನಾಲ್ಕು ಜನರ ಹತ್ತಿರವೂ ಕಲರ್ ಇಲ್ಲ. ಮೂವತ್ತಮೂರು ಜನ ಒಂದು ಕಳಾವರ್ ಹಿಡಿದುಕೊಂಡು ಆಸೆಯಲ್ಲಿ ಕೂತಿರುತ್ತಾರೆ. ಉಳಿದ ಅರವತ್ತಮೂರು ಜನರ ಹತ್ತಿರ ಆ ಜಾತಿಯ ಒಂದು ಎಲೆಯೂ ಇಲ್ಲ. ಆದರೆ ಹೆದರಿಕೆ ಮಾತ್ರ ನೂರಕ್ಕೆ ನೂರು. ಆಟಕ್ಕೆ ಇಳಿಯುವಾಗ ಜನ ಒಂದೇ ಜಾತಿಯ ಜೋಡಿಯನ್ನು ಇಟ್ಟುಕೊಂಡು ಬೇರೆಯದನ್ನು ಬಿಸಾಡುವುದು ಜಾಸ್ತಿ, ಹಾಗಾಗಿ ನಿಜವಾದ ಆಟದಲ್ಲಿ ಆ ನಾಲ್ಕು ಇನ್ನಷ್ಟು ಏರುತ್ತದೆ, ಒಪ್ಪಿದೆ. ಏರಿದರೂ ನಾವು ಹೆದರುವಷ್ಟು ಏರುವುದಿಲ್ಲ.

ಇಲ್ಲಿಂದ ನಮ್ಮ ದಾರಿ ಬೇರೆಯಾಯಿತು. "ಎದುರಿನವರ ಹತ್ರ ಕಲರ್ ಇಲ್ಲ ಅಂತಾಯ್ತು. ಹಾಗಾದ್ರೆ ಪಾಟಿನಲ್ಲಿ ಹನ್ನೆರಡು ಬೀಜ ಇದ್ರೆ ಹನ್ನೆರಡೂ ಕಟ್ಟಿ. ಆಸೆಗೆ ಕೂತಿರೋ ಆ ಮೂವತ್ತಮೂರು ಜನ ಎದ್ದುಹೋಗಲಿ," ಅಂದರು ಟೀಚರಮ್ಮ.

ನಾನು ಕೇಳಿದೆ: ಹನ್ನೆರಡು ಕಟ್ಟಿದರೆ ಯಾರು ಏಳುತ್ತಾರೆ, ಯಾರು ಕೂರುತ್ತಾರೆ? ಕಲರ್ ಇರುವವನು ಹನ್ನೆರಡಕ್ಕೂ ಏಳುವುದಿಲ್ಲ, ನೂರಿಪ್ಪತ್ತಕ್ಕೂ ಏಳುವುದಿಲ್ಲ. ಕಳಾವರ್ ಎಕ್ಕವನ್ನೋ ರಾಜನನ್ನೋ ಒಂಟಿಯಾಗಿ ಹಿಡಿದವನೂ ಸುಲಭಕ್ಕೆ ಅಲ್ಲಾಡುವುದಿಲ್ಲ. ಒಂದೂ ಕಳಾವರ್ ಇಲ್ಲದೆ, ಜೋಡಿಯೂ ಇಲ್ಲದೆ ಕೂತವನು ಮಾತ್ರ ಏಳುತ್ತಾನೆ. ಅವನು ನಾಲ್ಕು ಬೀಜಕ್ಕೂ ಏಳುತ್ತಿದ್ದ! ನಾಲ್ಕಕ್ಕೆ ಆಗುವ ಕೆಲಸಕ್ಕೆ ಹನ್ನೆರಡು ಖರ್ಚು ಮಾಡಿ, ಎದುರು ಉಳಿಸಿಕೊಂಡದ್ದು ಯಾರನ್ನು? ನನಗಿಂತ ಗಟ್ಟಿ ಇರುವವರನ್ನೇ ಆರಿಸಿ ಉಳಿಸಿಕೊಂಡ ಹಾಗಾಯಿತು.

ಗೇಟಿಗೆ "ನಾಯಿ ಇದೆ, ಎಚ್ಚರಿಕೆ" ಅಂತ ಬೋರ್ಡ್ ಹಾಕಿದ ಮೇಲೆ ಮನೆಯವರು ಕೂಗಾಡಬೇಕಾಗಿಲ್ಲ, ಚಿಲಕದ ಸದ್ದು ಮಾಡಿದರೆ ಸಾಕು, ಬಂದ ಸೇಲ್ಸ್‌ಮನ್ ತಾನೇ ಹಿಂದೆ ಸರಿಯುತ್ತಾನೆ. ಮೂರು ಕಳಾವರ್ ಅಂದರೆ ಆ ಬೋರ್ಡು. ಹೆದರಿಸುವ ಕೆಲಸ ಅದು ಮಾಡಿಯಾಗಿದೆ. ಇನ್ನು, ನಿಮ್ಮ ಗೇಟಿನಲ್ಲಿ ಬೋರ್ಡ್ ಇದ್ದು, ಬೀದಿಗೆಲ್ಲ ಇರುವ ಒಂದೇ ಒಂದು ನಾಯಿ ನಮ್ಮ ಮನೆ ಕಂಬಕ್ಕೆ ಕಟ್ಟಿಹಾಕಿದ್ದರೆ? ನಿಮ್ಮ ಬೋರ್ಡಿಗೆ ನಾನಂತೂ ಹೆದರಬೇಕಾಗಿಲ್ಲ. ಕಳಾವರ್ ಎಕ್ಕ ಕೈಯಲ್ಲಿರುವುದು ಅಂದರೆ ಅದು. ನನಗೆ ಕಲರ್ ಇಲ್ಲದಿದ್ದರೂ, ಎಲ್ಲಕ್ಕಿಂತ ದೊಡ್ಡ ಕಲರ್ ನಿಮ್ಮ ಹತ್ತಿರ ಇಲ್ಲ ಎಂಬುದು ನನಗೆ ಗೊತ್ತು, ನಿಮಗೆ ಗೊತ್ತಿಲ್ಲ.

"ಬೋರ್ಡ್ ಮಾತು ಚೆನ್ನಾಗಿದೆ. ಲೆಕ್ಕ ಹೇಳಿ," ಅಂದರು.

ಹೇಳಿದೆ. ಹನ್ನೆರಡರ ಪಾಟಿಗೆ ನಾಲ್ಕು ಕಟ್ಟಿ ಬ್ಲಫ್ ಹೊಡೆದರೆ, ನಾಲ್ಕು ಸಲಕ್ಕೆ ಒಂದು ಸಲ ಎದುರಿನವರು ಎದ್ದರೂ ನಷ್ಟವಿಲ್ಲ. ಹನ್ನೆರಡೂ ಕಟ್ಟಿದರೆ ಎರಡಕ್ಕೊಂದು ಸಲ ಏಳಬೇಕು. ಏಳಬಹುದಾದವರು ಹೆಚ್ಚುಕಡಿಮೆ ಅವರೇ ಆದಮೇಲೆ ಅಗ್ಗದ ದಾರಿ ಯಾವುದು?

ಟೀಚರಮ್ಮ ಬಿಡುವವರಲ್ಲ. "ಒಂಟಿ ಕಳಾವರ್ ಹಿಡಿದವನಿಗೆ ಇನ್ನೂ ಒಂಬತ್ತು ಕಳಾವರ್ ಬಾಕಿ. ಕಾಣದ ಎಲೆ 47. ಮುಂದಿನ ಎಲೆಗೇ ಕಲರ್ ಆಗೋದು ನೂರಕ್ಕೆ ಹತ್ತೊಂಬತ್ತು. ನೀವು ನಾಲ್ಕು ಕಟ್ಟಿದ್ರೆ ಅವನು ನಾಲ್ಕು ಹಾಕಿ ಇಪ್ಪತ್ತರ ಪಾಟಿಗೆ ಆಡ್ತಾನೆ, ಅವನಿಗೆ ಬೇಕಾದ್ದು ನೂರಕ್ಕೆ ಇಪ್ಪತ್ತು. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಏನ್ರೀ ವ್ಯತ್ಯಾಸ? ಸರಿಯಾದ ಬೆಲೆಗೇ ಮಾರಿದ ಹಾಗಾಯ್ತಲ್ಲ!"

ಹೌದು, ಬೆಲೆ ಸರಿಯೇ. ಆದರೆ ಒಂಟಿ ಕಳಾವರ್‌ಗಳೆಲ್ಲ ಒಂದೇ ತೂಕವಲ್ಲ. ಕಳಾವರ್ ಐದು ಹಿಡಿದವನಿಗೆ ನಾಲ್ಕನೆಯ ಕಳಾವರ್ ಬಿದ್ದರೂ ನೆಮ್ಮದಿಯಿಲ್ಲ; ಎದುರು ಒಂಬತ್ತೋ ರಾಣಿಯೋ ಇದ್ದರೆ ಬಂದ ಕಲರೇ ಅವನನ್ನು ಮುಳುಗಿಸುತ್ತದೆ. ಅವನಿಗೆ ಇಪ್ಪತ್ತರ ಬೆಲೆಯೂ ದುಬಾರಿ. ಎಕ್ಕ ಹಿಡಿದವನಿಗೆ ಅಗ್ಗ, ಆದರೆ ಅವನು ಹೇಗಿದ್ದರೂ ಏಳುವವನಲ್ಲ.

ಈ ವಾದಕ್ಕೆ ನನ್ನ ಕಡೆ ದೊಡ್ಡ ಸಾಕ್ಷಿಗಳಿದ್ದಾರೆ. ಕಂಪ್ಯೂಟರಿಗೆ ಪೋಕರ್ ಕಲಿಸುವ ಕೆಲಸ ಬಹಳ ವರ್ಷಗಳದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು, ಕಟ್ಟುವ ಮೊತ್ತ ನಿಗದಿಯಾಗಿರುವ ಇಬ್ಬರ ಹೋಲ್ಡೆಮ್ ಆಟವನ್ನು ಬಿಡಿಸಿಯೇಬಿಟ್ಟೆವು ಅಂತ ಪ್ರಕಟಿಸಿದರು. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ, ಎಷ್ಟು ಬೇಕಾದರೂ ಕಟ್ಟಬಹುದಾದ ಇಬ್ಬರ ಆಟದಲ್ಲಿ, ನಾಲ್ವರು ವೃತ್ತಿಪರರನ್ನು 1,20,000 ಕೈಗಳಲ್ಲಿ ಸೋಲಿಸಿತು. ಈಗ ಆಟಗಾರರು ಮನೆಯಲ್ಲೇ ಸಾಲ್ವರ್ ಎಂಬ ಪ್ರೋಗ್ರಾಂ ಇಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. ಮಗ ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ್ದ. ಬೇರೆ ಬೇರೆ ಜಾತಿಯ ಮೂರು ಎಲೆ ಬಿದ್ದಾಗ ಧೈರ್ಯವಾಗಿ ಕಟ್ಟುವ ಆ ಯಂತ್ರ, ಮೂರೂ ಒಂದೇ ಜಾತಿ ಬಿದ್ದ ತಕ್ಷಣ ಮೆತ್ತಗಾಗುತ್ತದೆ. ಚೆಕ್ ಜಾಸ್ತಿ. ಕಟ್ಟಿದರೂ ಪಾಟಿನ ಕಾಲು ಭಾಗ, ಮೂರನೇ ಒಂದು ಭಾಗ, ಅಷ್ಟೇ.

ಅದಕ್ಕೆ ಕಾರಣವೂ ಇದೆ. ಎಲೆ ಹಂಚಿದ ಕೂಡಲೇ ಏರಿಸಿದವನ ಕೈಯಲ್ಲಿ ಎಕ್ಕದ ಜೋಡಿ, ರಾಜನ ಜೋಡಿಯಂಥ ದೊಡ್ಡ ಕೈಗಳು ಜಾಸ್ತಿ ಇರುತ್ತವೆ. ಸಾಧಾರಣ ಫ್ಲಾಪಿನಲ್ಲಿ ಆ ದೊಡ್ಡಸ್ತಿಕೆ ನಡೆಯುತ್ತದೆ. ಮೂರು ಕಳಾವರ್ ಬಿದ್ದರೆ ಇಸ್ಪೀಟು ಎಕ್ಕ, ಆಟೀನು ಎಕ್ಕದ ಜೋಡಿಯೂ ಬಾಲ ಮುದುರಿಕೊಳ್ಳಬೇಕು. ಎದುರಿನವನ ಕಳಾವರ್ ಆರು-ಏಳರ ಮುಂದೆ ಅದು ಆಗಲೇ ಸೋತ ಕೈ. ದೊಡ್ಡವರು ಚಿಕ್ಕವರು ಸಮಕ್ಕೆ ಬಂದಾಗ ದೊಡ್ಡ ದನಿಗೆ ಬೆಲೆಯಿಲ್ಲ.

ಯಂತ್ರದ ಮಾತಿಗೆ ಟೀಚರಮ್ಮ ಜಗ್ಗಲಿಲ್ಲ, ಫಾನ್ ನಾಯ್ಮನ್ ಹೆಸರಿಗೆ ಜಗ್ಗಿದರು. ಆಟಗಳ ಗಣಿತದ ಬಗ್ಗೆ ಆ ಮಹಾನುಭಾವ 1928ರಲ್ಲೇ ಪ್ರಬಂಧ ಬರೆದವರು. 1944ರಲ್ಲಿ ಮಾರ್ಗನ್‌ಸ್ಟರ್ನ್ ಜೊತೆ ಬರೆದ ದೊಡ್ಡ ಪುಸ್ತಕದಲ್ಲಿ ಪೋಕರಿಗೇ ಒಂದು ಭಾಗ ಇಟ್ಟರು. ಅವರು ಸರಳ ಮಾಡಿಕೊಂಡ ಆಟದಲ್ಲಿ ಸಿಕ್ಕ ಉತ್ತರ ಇದು: ಅತ್ಯುತ್ತಮ ಕೈಯಲ್ಲಿ ಕಟ್ಟು, ಅತ್ಯಂತ ಕೆಟ್ಟ ಕೈಯಲ್ಲಿ ಆಗಾಗ ಬ್ಲಫ್ ಹೊಡೆ, ನಡುವಿನ ಕೈಯಲ್ಲಿ ಸುಮ್ಮನಿರು. "ನೋಡಿ ಟೀಚರ್, ಕಳಾವರ್ ಇಲ್ಲದ ದೊಡ್ಡ ಜೋಡಿ ಅಂದ್ರೆ ನಡುವಿನ ಕೈ. ಅದನ್ನ ಇಟ್ಕೊಂಡು ನೀವು ಕೂಗಾಡ್ತೀರಿ." ಈ ಸಲ ಅವರು ಮಜ್ಜಿಗೆ ಪಾತ್ರೆ ತೊಳೆಯಲು ಒಳಗೆ ಹೋದರು. ಟೀಚರಮ್ಮ ಉತ್ತರ ಹುಡುಕಲು ಹೋಗುವುದು ಯಾವಾಗಲೂ ಪಾತ್ರೆ ತೊಳೆಯುವ ನೆಪದಲ್ಲಿ.

ಉತ್ತರದ ಜೊತೆಗೇ ಬಂದರು. "ನನಗೆ ಕಳಾವರ್ ಐದು-ಆರು ಬಂದಿದೆ ಅಂತಿಟ್ಕೊಳ್ಳಿ. ಕಲರ್ ಆಗಿದೆ, ಆದ್ರೆ ಬಡ ಕಲರ್. ಆಗಲೂ ಪಿಸುಗುಡಬೇಕಾ?"

ಇದು ಒಳ್ಳೆಯ ಪ್ರಶ್ನೆ. ಎದುರಿನವರ ಹತ್ತಿರ ಒಂದೇ ಒಂದು ದೊಡ್ಡ ಕಳಾವರ್ ಇದೆ ಅನ್ನಿ. ಉಳಿದ ಕಳಾವರ್ ಏಳು. ಎರಡು ಎಲೆ ಬರುವುದರೊಳಗೆ ಅದರಲ್ಲೊಂದು ಬಿದ್ದು ಟೀಚರಮ್ಮನ ಬಡ ಕಲರ್ ಸೋಲುವ ಸಂಭವ ನೂರಕ್ಕೆ ಇಪ್ಪತ್ತೊಂಬತ್ತು. ಇದೇನು ಸಣ್ಣದಲ್ಲ. ಇಂಥ ಕೈಗೆ ನಾಲ್ಕರ ಬದಲು ಆರೋ ಎಂಟೋ ಕಟ್ಟಿದರೆ ತಪ್ಪಿಲ್ಲ. ಗೆದ್ದಿರುವಾಗಲೇ ವಸೂಲಿ ಮಾಡಿಕೊಳ್ಳಬೇಕು. ಜಗಲಿಯಲ್ಲಿ ನಾಲ್ಕೈದು ಜನ ಕೂತು ಆಡುತ್ತಿದ್ದರಂತೂ ಬಡ ಕಲರ್‌ನವನಿಗೆ ಇನ್ನೂ ಅವಸರ, ಬರಿಗೈ ಬ್ಲಫ್‌ನವನಿಗೆ ಇನ್ನೂ ಸಂಯಮ ಬೇಕು, ಯಾಕೆಂದರೆ ಯಾರಾದರೊಬ್ಬರ ಕೈಯಲ್ಲಿ ಕಳಾವರ್ ಇರುವ ಸಂಭವವೇ ಹೆಚ್ಚು. ಇನ್ನು ಮಧ್ಯದ ಎಲೆಗೆ ಜೋಡಿ ಕೂಡಿ ಒಂದೇ ಅಂಕಿಯ ಮೂರು ಆದವನ ಕಥೆ: ಕಲರ್‌ಗೆ ಸೋತಿದ್ದರೂ ಅವನು ಎದ್ದುಹೋಗಬೇಕಾಗಿಲ್ಲ, ರಿವರ್‌ನೊಳಗೆ ಕಲರ್‌ಗಿಂತ ಮೇಲಿನ ಫುಲ್ ಹೌಸ್ ಅಥವಾ ಅದಕ್ಕೂ ಮೇಲಿನದು ಆಗುವುದು ಮೂರಕ್ಕೊಂದು ಸಲ. ಟೀಚರಮ್ಮನಿಗೆ ಇಷ್ಟು ರಿಯಾಯಿತಿ ಕೊಟ್ಟೆ.

ಹಾಗಂತ ಕೊನೆಯವರೆಗೂ ಪಿಸುಗುಡುತ್ತಲೇ ಇರಬೇಕೆಂದಲ್ಲ. ಫ್ಲಾಪಿನಲ್ಲಿ ಮೆತ್ತಗೆ ಕಟ್ಟಿದವನೇ ರಿವರ್‌ನಲ್ಲಿ ಗುಡುಗಬಹುದು, ಕೈಯಲ್ಲಿ ಸರಿಯಾದ ಒಂಟಿ ಎಲೆ ಇದ್ದರೆ. 2003ರ ವಿಶ್ವ ಸರಣಿಯ ಕೊನೆಗೆ ಉಳಿದವರು ಇಬ್ಬರು. ಒಬ್ಬ ಟೆನೆಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ಹುಟ್ಟಿದ ಮನೆತನದ ಹೆಸರೇ ಅದು; ಇಂಟರ್‌ನೆಟ್ಟಿನ ಅರ್ಹತಾ ಪಂದ್ಯ ಗೆದ್ದು ಬಂದವನು. ಇನ್ನೊಬ್ಬ ಪಳಗಿದ ಆಟಗಾರ ಸ್ಯಾಮ್ ಫರ್ಹಾ. ಒಂದು ಕೈಯಲ್ಲಿ ಮನಿಮೇಕರ್‌ಗೆ ಬಂದದ್ದು ಇಸ್ಪೀಟು ರಾಜ, ಆಟೀನು ಏಳು. ಫರ್ಹಾಗೆ ಇಸ್ಪೀಟು ರಾಣಿ, ಆಟೀನು ಒಂಬತ್ತು. ಮಧ್ಯದಲ್ಲಿ ಇಸ್ಪೀಟು ಒಂಬತ್ತು, ಡೈಮನ್ ಎರಡು, ಇಸ್ಪೀಟು ಆರು. ಟರ್ನ್‌ನಲ್ಲಿ ಇಸ್ಪೀಟು ಎಂಟು. ಮೂರು ಇಸ್ಪೀಟು ಆದವು. ಫರ್ಹಾ ಕಟ್ಟಿದ, ಮನಿಮೇಕರ್ ಏರಿಸಿದ, ಫರ್ಹಾ ಸಮ ಹಾಕಿದ. ರಿವರ್‌ಗೆ ಆಟೀನು ಮೂರು, ಯಾರಿಗೂ ಉಪಯೋಗವಿಲ್ಲ. ಮನಿಮೇಕರ್ ಹತ್ತಿರ ಕಲರ್ ಇಲ್ಲ, ಸಾಲು ಇಲ್ಲ, ಒಂದು ಜೋಡಿಯೂ ಇಲ್ಲ. ಇದ್ದದ್ದೆಲ್ಲವನ್ನೂ ಮುಂದಕ್ಕೆ ತಳ್ಳಿದ. ಒಂಬತ್ತರ ಜೋಡಿ ಹಿಡಿದು ಗೆದ್ದು ಕೂತಿದ್ದ ಫರ್ಹಾ ತುಂಬಾ ಹೊತ್ತು ಯೋಚಿಸಿ ಪ್ಯಾಕ್ ಮಾಡಿದ. ಇಸ್ಪೀಟು ರಾಜ ತನ್ನ ಹತ್ತಿರವೇ ಇದ್ದುದರಿಂದ ಫರ್ಹಾನ ಹತ್ತಿರ ರಾಜನ ಕಲರ್ ಇರಲಾರದು ಎಂಬುದು ಮನಿಮೇಕರ್‌ಗೆ ಗೊತ್ತಿತ್ತು. ಕೊನೆಗೆ ಅವನೇ ಗೆದ್ದು 25 ಲಕ್ಷ ಡಾಲರ್ ಒಯ್ದ. ಆ ವರ್ಷ 839 ಜನ ಆಡಿದ್ದ ಪಂದ್ಯಕ್ಕೆ ಮರುವರ್ಷ 2,576 ಜನ ಬಂದರು.

"ಸೋತ ಮೇಲೂ ರಾಣಿ ಮರ್ಯಾದೆಯಿಂದ ಹೋದಳು," ಅಂದರು ಟೀಚರಮ್ಮ. ಅವರಿಗೆ ಫರ್ಹಾನ ಮೇಲೆ ಕನಿಕರ.

ಆ ಕನಿಕರ ಹಸಿಯಾಗಿರುವಾಗಲೇ ಭಾನುವಾರ ಬಂತು. ಹಂಚಿದ್ದು ನಾನು. ನನ್ನ ಕೈಗೆ ಕಳಾವರ್ ಎಕ್ಕ, ಡೈಮನ್ ಹತ್ತು. ಇಬ್ಬರೂ ಆರಾರು ಬೀಜ ಹಾಕಿ ಪಾಟ್ ಹನ್ನೆರಡಾಯಿತು. ಫ್ಲಾಪ್: ಗುಲಾಮ, ಎಂಟು, ನಾಲ್ಕು, ಮೂರೂ ಕಳಾವರ್. ಟೀಚರಮ್ಮ ಚೆಕ್ ಅಂದರು. ನಾನು ನಾಲ್ಕು ಬೀಜ ತಳ್ಳಿದೆ. ಕನ್ನಡಕ ಸರಿಮಾಡಿಕೊಂಡು ನಾಲ್ಕು ಹಾಕಿದರು. ಟರ್ನ್‌ಗೆ ಡೈಮನ್ ಎರಡು. ಮತ್ತೆ ಚೆಕ್. ಹದಿನೈದು ಕಟ್ಟಿದೆ. ಒಂದೊಂದೇ ಬೀಜ ಎಣಿಸಿ ಹದಿನೈದು ಇಟ್ಟರು. ಪಾಟ್ ಐವತ್ತು. ರಿವರ್‌ಗೆ ಆಟೀನು ಆರು. ಅವರು ಚೆಕ್ ಅಂದದ್ದೇ ತಡ, ನಾನು ಐವತ್ತು ಬೀಜದ ಬಟ್ಟಲನ್ನೇ ಮುಂದಿಟ್ಟೆ.

"ಐವತ್ತು ಹಾಕಿ ನೂರೈವತ್ತಕ್ಕೆ. ಮೂರಕ್ಕೊಂದು ಸಲ ನಾನು ಗೆಲ್ಲಬೇಕು," ಅಂತ ಗೊಣಗಿದರು. ನನ್ನ ಮುಖ ನೋಡಿದರು. ನಾನು ದಾಸವಾಳದ ಗಿಡ ನೋಡಿದೆ. ಒಳಗಿಂದ ನಮ್ಮನೆಯವರು ಕಾಫಿ ಡಿಕಾಕ್ಷನ್ ಎಲ್ಲಿದೆ ಅಂತ ಕೂಗಿದರು, ಯಾರೂ ಉತ್ತರ ಕೊಡಲಿಲ್ಲ. ಟೀಚರಮ್ಮ ಎರಡೂ ಎಲೆ ಕೆಳಗಿಟ್ಟರು: ಆಟೀನು ರಾಣಿ, ಡೈಮನ್ ರಾಣಿ. "ನನ್ನ ಹತ್ರ ಒಂದೂ ಕಳಾವರ್ ಇಲ್ಲ. ಎಲ್ಲಾ ನಿಮ್ಮ ಹತ್ರ ಇದ್ದೀತು ಅಂತಲೇ ಲೆಕ್ಕ ಬರುತ್ತೆ. ಪ್ಯಾಕ್."

ನಾನು ಎಕ್ಕ, ಹತ್ತು ತೋರಿಸಿದೆ. ತೋರಿಸಬೇಕೆಂದೇನೂ ಇರಲಿಲ್ಲ, ತೋರಿಸದಿದ್ದರೆ ವಾರವಿಡೀ ಕಾಂಪೌಂಡಿನ ಹತ್ತಿರ ಕೇಳುತ್ತಿದ್ದರು.

ಟೀಚರಮ್ಮನಿಗೆ ಕೋಪ ಬರುತ್ತದೆ ಅಂದುಕೊಂಡಿದ್ದೆ, ಬಂದದ್ದು ಖುಷಿ. "ನೋಡಿದ್ರಾ! ನಾನು ಎದ್ದಿದ್ದು ಐವತ್ತು ಕಟ್ಟಿದ್ದಕ್ಕೆ. ಜೋರಾಗಿ ಕಟ್ಟಬೇಕು ಅಂತ ಮೊದಲಿಂದ ಹೇಳ್ತಾ ಇರೋದು ನಾನೇ ತಾನೇ?"

"ಟೀಚರ್, ನಾನು ಫ್ಲಾಪಿನಲ್ಲೇ ಹನ್ನೆರಡೂ ಕಟ್ಟಿದ್ದಿದ್ರೆ ಏನು ಮಾಡ್ತಿದ್ರಿ?"

"ಕಳಾವರ್ ಇಲ್ಲದ ರಾಣಿಯರನ್ನ ಇಟ್ಕೊಂಡು ಏನು ಮಾಡ್ಲಿ? ಅಲ್ಲೇ ಎದ್ದುಬಿಡ್ತಿದ್ದೆ."

"ಆಗ ನಿಮ್ಮಿಂದ ನನಗೆ ಬರ್ತಿದ್ದದ್ದು ಆರು ಬೀಜ. ನಾಲ್ಕು ಕಟ್ಟಿ ನಿಮ್ಮನ್ನ ಕೂರಿಸಿಕೊಂಡಿದ್ದಕ್ಕೆ ಬಂದದ್ದು ಆರು, ನಾಲ್ಕು, ಹದಿನೈದು. ಕೂಡಿಸಿ."

ಇಪ್ಪತ್ತೈದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಎಲೆಗಳನ್ನೆಲ್ಲ ಬಾಚಿ ಕಟ್ಟು ಕಲೆಸತೊಡಗಿದರು. ಮುಂದಿನ ಹಂಚಿಕೆ ಅವರದು.

"ಒಂದು ಉದಾಹರಣೆ ಕೊಟ್ಟುಬಿಟ್ರೆ ಪ್ರಮೇಯ ಸಾಧಿಸಿದ ಹಾಗಾಗಲ್ಲ. ಆರು ಬೀಜ ಹಾಕಿ."